2,300 ರೂಪಾಯಿಯ ಟ್ರೈಲ್ ಶೂ, ಒಂದು ಹ್ಯಾಕ್ಸಾ ಬ್ಲೇಡ್, 50 ಕಿ.ಮೀ. ಕಾಫಿ ತೋಟ: ನನ್ನ ಅನುಭವ

ಹೋದ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ 50 ಕಿ.ಮೀ. ಓಡಿ ಮುಗಿಸಿದೆ. ಕಾಲಲ್ಲಿದ್ದದ್ದು ಸುಮಾರು 2,300 ರೂಪಾಯಿಯ ಟ್ರೈಲ್ ಶೂ, ಅಂದರೆ ಕಾಡುದಾರಿಯಲ್ಲಿ ಓಡಲೆಂದು ಮಾಡಿದ್ದು. ಅದರ ಮೇಲೆ ಐನೂರು ರೂಪಾಯಿ ಆಸುಪಾಸಿನ ಕೆಲಸ, ಅರ್ಧ ನನ್ನ ಕೈಯದು, ಅರ್ಧ ಶೂ ಹೊಲಿಯುವ ಅಣ್ಣನದು. ಒಂದು ಉಗುರೂ ಕಪ್ಪಾಗಲಿಲ್ಲ. ಒಂದು ಬೊಬ್ಬೆಯೂ ಏಳಲಿಲ್ಲ. ಇಳಿಜಾರಿನಲ್ಲಿ ಒಮ್ಮೆಯೂ ಕಾಲು ಜಾರಲಿಲ್ಲ. ಹನ್ನೆರಡು, ಹದಿಮೂರು ಸಾವಿರದ ಶೂ ಹಾಕಿದವರು ನನ್ನ ಕಣ್ಣೆದುರಿಗೇ ಎರಡು ಮೂರು ಕಡೆ ಕೆಸರಲ್ಲಿ ಕೂತರು. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಗ್ಗದ ಶೂ ಕೊಂಡು ಅದರ ಸೋಲ್‌ಗೆ ಬ್ಲೇಡಿನಿಂದ ಗೀರು ಕೊಯ್ಯುವುದನ್ನು ನಮ್ಮ ಓಟದ ಗುಂಪಿನಲ್ಲಿ ಯಾರೂ ಒಪ್ಪಿರಲಿಲ್ಲ. "ಮೇಡಂ, ಶೂ ಮೇಲೆ ದುಡ್ಡು ಉಳಿಸೋಕೆ ಹೋಗಬೇಡಿ, ಆಮೇಲೆ ಅದರ ಹತ್ತರಷ್ಟು ಮೂಳೆ ಡಾಕ್ಟರಿಗೆ ಕೊಡ್ತೀರಿ" ಎಂದು ಒಬ್ಬರು. "ಸೋಲ್‌ಗೆ ಬ್ಲೇಡ್ ಹಾಕಿದ್ರೆ ಅರ್ಧ ದಾರೀಲಿ ಕಿತ್ತು ಬರುತ್ತೆ" ಎಂದು ಇನ್ನೊಬ್ಬರು. ಎರಡನೆಯವರ ಮಾತಿನಲ್ಲಿ ಸ್ವಲ್ಪ ನಿಜ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಈಗ ಅವರಿಬ್ಬರೂ ತಮ್ಮ ಶೂ ತಂದು ನನ್ನ ಮುಂದೆ ಇಟ್ಟಿದ್ದಾರೆ, ಕೊಯ್ದುಕೊಡಿ ಎಂದು.

ನಾನು ಇರುವುದು ಮೈಸೂರಿನಲ್ಲಿ. ಓಡುವುದು ಚಾಮುಂಡಿ ಬೆಟ್ಟದ ಮೆಟ್ಟಿಲು, ಕರಿಘಟ್ಟ, ಪಾಂಡವಪುರದ ಕುಂತಿ ಬೆಟ್ಟ. ರಜೆಯಲ್ಲಿ ಸೋಮವಾರಪೇಟೆ ಹತ್ತಿರದ ತವರುಮನೆಯ ತೋಟದ ದಾರಿ. ಅಂದರೆ ಒಣಗಿದ ಗ್ರಾನೈಟ್, ಒದ್ದೆ ಗ್ರಾನೈಟ್, ಬಂಡೆ ಮೇಲೆ ಉದುರಿದ ಗರಸು, ಕೊಳೆತ ಎಲೆ, ಅದರ ಕೆಳಗೆ ಜಿಗುಟು ಕೆಂಪು ಮಣ್ಣು. ಇಷ್ಟೂ ಒಂದೇ ಶೂನಲ್ಲಿ ಆಗಬೇಕು, ಮೂರು ಸಾವಿರದ ಒಳಗೆ ಆಗಬೇಕು. ಇದು ನನ್ನ ಲೆಕ್ಕ. ಮನೆಯಲ್ಲಿ ಎರಡು ಮಕ್ಕಳ ಶಾಲೆಯ ಫೀಸ್ ಇರುವಾಗ ಇದಕ್ಕಿಂತ ಜಾಸ್ತಿ ಹಾಕಲು ನನಗೆ ಮನಸ್ಸಿಲ್ಲ.

ಇಲ್ಲಿಗೆ ಬರುವ ಮೊದಲು ಕಳೆದ ದುಡ್ಡು ಹದಿನೆಂಟು ಸಾವಿರದ ಹತ್ತಿರ ಇರಬಹುದು. ಮೊದಲನೆಯದು ಸೇಲ್‌ನಲ್ಲಿ ಅರ್ಧ ಬೆಲೆಗೆ ಬಂದ ಶೂ. ಆರು ಮಿಲಿಮೀಟರ್ ಲಗ್ (ಸೋಲ್ ಅಡಿಯ ರಬ್ಬರ್ ಹಲ್ಲು), ನೋಡಲು ಟ್ರ್ಯಾಕ್ಟರ್ ಟಯರ್. ತವರಿನ ಕೆಸರಿನಲ್ಲಿ ಹಿಡಿತ ಚೆನ್ನಾಗಿತ್ತು. ಚಾಮುಂಡಿ ಬೆಟ್ಟದ ಒದ್ದೆ ಮೆಟ್ಟಿಲ ಮೇಲೆ ಇಟ್ಟರೆ ನಿಲ್ಲುತ್ತಲೇ ಇರಲಿಲ್ಲ. ರಬ್ಬರ್ ಅಷ್ಟು ಗಟ್ಟಿ. ಜೊತೆಗೆ ಲಗ್ ಉದ್ದವಾಗಿ ಬಿಡಿಬಿಡಿಯಾಗಿದ್ದರಿಂದ ಕಲ್ಲಿಗೆ ತಾಗುವ ಜಾಗವೇ ಕಡಿಮೆ. ಅದನ್ನು ಒಂಬೈನೂರಕ್ಕೆ ಒಬ್ಬ ಹುಡುಗನಿಗೆ ಕೊಟ್ಟೆ. ಅವನು ಗದ್ದೆ ಬದುವಿನ ಮೇಲೆ ಓಡುತ್ತಾನೆ, ಖುಷಿಯಾಗಿದ್ದಾನೆ.

ಎರಡನೆಯದು ನೀರು ಒಳಗೆ ಬರದ ಪೊರೆ ಇರುವ ಶೂ, ಆರೂವರೆ ಸಾವಿರ. ನೀರು ಬಟ್ಟೆಯಿಂದ ಬರುವುದಿಲ್ಲ, ಸರಿ. ಆದರೆ ತೊರೆ ದಾಟುವಾಗ ಕಾಲು ಇಡುವ ಬಾಯಿಂದಲೇ ತುಂಬುತ್ತದೆ. ತುಂಬಿದ್ದು ಆಚೆ ಹೋಗುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ: ಒಣಗಿದ್ದಾಗ 300 ಗ್ರಾಂ ಆಸುಪಾಸು ಇದ್ದದ್ದು, ಬಕೆಟ್‌ನಲ್ಲಿ ಮುಳುಗಿಸಿ, ಬಗ್ಗಿಸಿ ನೀರು ಚೆಲ್ಲಿ, ಹತ್ತು ನಿಮಿಷ ಓಡಿ ಬಂದ ಮೇಲೂ 430ರ ಹತ್ತಿರ. ಸಾದಾ ಜಾಲರಿ ಬಟ್ಟೆಯ ಶೂ ಅದೇ ಪರೀಕ್ಷೆಯಲ್ಲಿ 80, 90 ಗ್ರಾಂ ಮಾತ್ರ ಹೆಚ್ಚಾಗಿತ್ತು. ನಮ್ಮ ಮಳೆಗೆ ಪೊರೆಯ ಶೂ ಬೇಡವೇ ಬೇಡ. ನೀರು ಬರಲಿ, ಬೇಗ ಹೋಗಲಿ, ಅಷ್ಟೇ.

ಮೂರನೆಯದು ಹಳೇ ಸ್ಟಾಕ್. ಒಳ್ಳೆಯ ಬ್ರಾಂಡು, ಭಾರಿ ರಿಯಾಯಿತಿ. ಡಬ್ಬದಲ್ಲೇ ಎಷ್ಟೋ ವರ್ಷ ಕೂತಿದ್ದ ಶೂ ಅದು. ಕುಂತಿ ಬೆಟ್ಟದಿಂದ ಇಳಿಯುವಾಗ ಬಲಗಾಲಿನ ಸೋಲ್ ಮುಂದಿನಿಂದ ಬಾಯಿ ಬಿಟ್ಟಿತು. ಲೇಸ್‌ನಿಂದಲೇ ಕಟ್ಟಿಕೊಂಡು ಕುಂಟುತ್ತಾ ಇಳಿದೆ. ಅಂಟು ಹಳೆಯದಾದರೆ ಒಣಗುತ್ತದೆ. ಮಧ್ಯದ ಫೋಮ್ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಇವಿಎ ಎಂಬ ಇನ್ನೊಂದು ಬಗೆಯ ಫೋಮ್‌ಗೆ ಆ ಕಾಯಿಲೆ ಇಲ್ಲ. ಹಾಗಾಗಿ ಈಗ ರಿಯಾಯಿತಿ ಎಷ್ಟೇ ಇರಲಿ, ಮೊದಲು ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡುತ್ತೇನೆ. ಎರಡು ವರ್ಷ ದಾಟಿದ್ದರೆ ಕೈಗೇ ಎತ್ತಿಕೊಳ್ಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ತಲೆಗೆ ಹೋದದ್ದು ಒಂದೇ ವಿಷಯ. ನಮ್ಮ ನೆಲಕ್ಕೆ ಲಗ್‌ನ ಉದ್ದಕ್ಕಿಂತ ರಬ್ಬರ್‌ನ ಮೆದುತನ ಮುಖ್ಯ. ವಿಬ್ರಾಮ್ ಕಂಪನಿಯ ಮೆಗಾಗ್ರಿಪ್ ರಬ್ಬರ್ ಇರುವ ಶೂಗೆ ಜನ ಅಷ್ಟು ದುಡ್ಡು ಕೊಡುವುದು ಇದಕ್ಕೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಅದು ಒಳ್ಳೆಯ ರಬ್ಬರ್. ಆದರೆ ಅಗ್ಗದ ಶೂಗಳಲ್ಲೂ ಮೆತ್ತನೆಯ ರಬ್ಬರ್ ಇರುತ್ತದೆ. ಯಾವುದರಲ್ಲಿದೆ ಎಂದು ಡಬ್ಬದ ಮೇಲೆ ಬರೆದಿರುವುದಿಲ್ಲ, ನಾವೇ ಹುಡುಕಬೇಕು.

ಹುಡುಕುವುದಕ್ಕೆ ನಾನು ಮಾಡಿದ್ದು ಇದು. ಗ್ರಾನೈಟ್ ಅಂಗಡಿಯಲ್ಲಿ ಅಡುಗೆ ಕಟ್ಟೆಗೆ ಕತ್ತರಿಸಿ ಉಳಿದ ತುಂಡು ಸುಮ್ನೆ ಕೊಡುತ್ತಾರೆ. ಪಾಲಿಶ್ ಆಗದ ಹಿಂಬದಿ ಮೇಲೆ ಬರಬೇಕು, ಬೆಟ್ಟದ ಮೆಟ್ಟಿಲಿಗೆ ಅದೇ ಹತ್ತಿರ. ತುಂಡನ್ನು ಒಂದು ಹಲಗೆಗೆ ಕಟ್ಟಿದೆ. ಮೇಲೆ ನೀರು ಹೊಯ್ದೆ. ಶೂ ಒಳಗೆ ಎರಡು ಕೆಜಿ ಅಕ್ಕಿಯ ಚೀಲ ತುರುಕಿ ಕಲ್ಲಿನ ಮೇಲೆ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋದೆ. ಶೂ ಜಾರಲು ಶುರುವಾದ ಕೋನವನ್ನು ಮೊಬೈಲ್‌ನಲ್ಲಿ ನೋಡಿ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದೆ. ಮೊದಲನೆಯ, ಟ್ರ್ಯಾಕ್ಟರ್ ಲಗ್‌ನ ಶೂವನ್ನು ಆ ಹುಡುಗನಿಂದ ಒಂದು ದಿನಕ್ಕೆ ವಾಪಸ್ ತರಿಸಿ ಇಟ್ಟೆ, 20 ಡಿಗ್ರಿ ಆಸುಪಾಸಿನಲ್ಲೇ ಹೊರಟಿತು. ಗೆಳತಿಯ ಹತ್ತಿರ ಇರುವ ಮೆಗಾಗ್ರಿಪ್ ಶೂ 35 ದಾಟಿತು. ನಾನು ಆಮೇಲೆ ಕೊಂಡ 2,300ರ ಶೂ 30ರ ಹತ್ತಿರ ನಿಂತಿತು. ಅದರ ಲಗ್ ಬರೀ ನಾಲ್ಕು ಮಿಲಿಮೀಟರ್. ಗೋಡೆಯ ಮೇಲಿನ ಆ ಮೂರು ಗೆರೆ ನೋಡಿದ ಮೇಲೆ ನನ್ನ ಹುಡುಕಾಟ ಸರಿ ದಾರಿಗೆ ಬಂತು.

ಪಾಚಿಗೂ ಒಂದು ಪರೀಕ್ಷೆ ಮಾಡಿದೆ. ಬೆಂಡೆಕಾಯಿ ಕತ್ತರಿಸಿ ರಾತ್ರಿಯಿಡೀ ನೀರಲ್ಲಿ ಹಾಕಿ, ಬೆಳಿಗ್ಗೆ ಆ ಲೋಳೆಯನ್ನು ಕಲ್ಲಿಗೆ ಬಳಿದೆ. ಎಲ್ಲ ಶೂಗಳೂ ಹನ್ನೆರಡು, ಹದಿಮೂರು ಡಿಗ್ರಿಗೇ ಜಾರಿದವು, ಹದಿಮೂರು ಸಾವಿರದ್ದೂ ಅಷ್ಟೇ, ನನ್ನದೂ ಅಷ್ಟೇ. ಪಾಚಿಗೆ ಶೂ ಮದ್ದಲ್ಲ. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಪಾದ ಪೂರ್ತಿ ಊರಿ, ಕಲ್ಲಿನ ಅಂಚು ಹುಡುಕಬೇಕು. ಚಾಮುಂಡಿ ಬೆಟ್ಟದಲ್ಲಿ ಇನ್ನೊಂದು ಕಾಟ ಇದೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಾರೆ. ಮೆಟ್ಟಿಲುಗಳು 17ನೇ ಶತಮಾನದವು, ದೊಡ್ಡ ದೇವರಾಜ ಒಡೆಯರ ಕಾಲದವು. ಇಷ್ಟು ಕಾಲ ಇಷ್ಟು ಜನರ ಪಾದ ಸವೆಸಿ ಮಧ್ಯಭಾಗ ನುಣ್ಣಗಾಗಿದೆ. ಅದರ ಮೇಲೆ ಕುಂಕುಮ ನೆನೆದು ಕೂತರೆ ಯಾವ ಶೂ ಆದರೂ ಜಾರುತ್ತದೆ. ಆಷಾಢದ ಶುಕ್ರವಾರ ಹತ್ತುವವರು ಸಾವಿರಾರು ಜನ, ಆ ದಿನಗಳಲ್ಲಿ ಅಲ್ಲಿ ಓಡುವುದೂ ಸರಿಯಲ್ಲ. ಮಾರನೇ ಬೆಳಿಗ್ಗೆ ಹೋಗುತ್ತೇನೆ, ಅಂಚು ಹಿಡಿದು ಇಳಿಯುತ್ತೇನೆ.

ಈಗ ಬ್ಲೇಡಿನ ವಿಷಯ. 30 ಡಿಗ್ರಿಯನ್ನು 34, 35ಕ್ಕೆ ತರುವುದು ಹೇಗೆ ಎಂಬುದೇ ನನ್ನ ತಲೆಯಲ್ಲಿತ್ತು. ರಬ್ಬರ್ ಬದಲಾಯಿಸಲು ಆಗುವುದಿಲ್ಲ, ಅದರ ಅಂಚು ಹೆಚ್ಚಿಸಬಹುದು. ಟಯರ್‌ಗಳ ಮೇಲೆ ಸಣ್ಣ ಸಣ್ಣ ಗೀರು ಇರುತ್ತವಲ್ಲ, ಸೈಪ್ ಎನ್ನುತ್ತಾರೆ. 1920ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದ ಜಾನ್ ಸೈಪ್ ಎಂಬವನ ಹೆಸರೇ ಅದಕ್ಕೆ ಉಳಿದಿದೆ. ದೋಣಿಯಲ್ಲಿ ಹಾಕುವ ಶೂಗಳ ಸೋಲ್‌ನಲ್ಲೂ ಇದೇ ಗೀರು. ಅಮೆರಿಕದ ಪಾಲ್ ಸ್ಪೆರ್ರಿ ತನ್ನ ನಾಯಿ ಮಂಜುಗಡ್ಡೆ ಮೇಲೆ ಜಾರದೆ ಓಡುವುದನ್ನು ನೋಡಿ, ಅದರ ಪಾದದಲ್ಲಿರುವ ಗೀರುಗಳನ್ನು ರಬ್ಬರ್ ಮೇಲೆ ಕೊಯ್ದು 1935ರಲ್ಲಿ ಅಂಥ ಶೂ ಮಾರಾಟಕ್ಕೆ ತಂದ. ಒದ್ದೆ ಹಲಗೆ ಮೇಲೆ ಕೆಲಸ ಮಾಡುವುದು ಒದ್ದೆ ಬಂಡೆ ಮೇಲೂ ಮಾಡಬೇಕಲ್ವಾ? ಕಾಲು ಊರಿದಾಗ ಗೀರು ಬಾಯಿ ತೆರೆಯುತ್ತದೆ, ನೀರು ಅದರೊಳಗೆ ಸರಿಯುತ್ತದೆ, ಪ್ರತಿ ಗೀರಿನ ಅಂಚೂ ಕಲ್ಲನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ.

ಮೊದಲ ಜೊತೆಗೆ ಕಟ್ಟರ್ ಬ್ಲೇಡ್‌ನಲ್ಲಿ ಕೊಯ್ದೆ, ಲಗ್‌ನ ಬುಡದವರೆಗೂ. ಕಲ್ಲಿನ ಮೇಲಿಟ್ಟು ನೋಡಿದರೆ 36 ಡಿಗ್ರಿ. ಖುಷಿಯಾಯಿತು. ಒಂದೇ ವಾರದಲ್ಲಿ ಕರಿಘಟ್ಟದ ಗರಸಿನ ಇಳಿಜಾರಿನಲ್ಲಿ ಮುಂಭಾಗದ ನಾಲ್ಕೈದು ಲಗ್ ಹಲ್ಲು ಮುರಿದಂತೆ ಕಿತ್ತು ಬಂದವು. ಗುಂಪಿನವರು ಹೇಳಿದ್ದ ನಿಜ ಇದೇ. ಎರಡನೇ ಜೊತೆಗೆ ಆಳ ಕಡಿಮೆ ಮಾಡಿದೆ. ಆಗ ಕಿತ್ತು ಬರಲಿಲ್ಲ, ಆದರೆ ಕಟ್ಟರ್ ಬ್ಲೇಡ್‌ನ ಗೀರು ತುಂಬ ಸಪೂರ, ಕಾಲು ಊರಿದರೂ ಬಾಯಿ ತೆರೆಯುತ್ತಿರಲಿಲ್ಲ. ಡಿಗ್ರಿ 31ಕ್ಕೇ ನಿಂತಿತು. ಮೂರನೆಯದಕ್ಕೆ ಹ್ಯಾಕ್ಸಾ ಬ್ಲೇಡ್ ಬಂತು. ಅದು ರಬ್ಬರನ್ನು ಸ್ವಲ್ಪ ತಿಂದುಕೊಂಡೇ ಕೊಯ್ಯುತ್ತದೆ, ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಅಗಲದ ಸೀಳು ಬೀಳುತ್ತದೆ. ಇದೇ ಸರಿಹೋಯಿತು.

ಕೊಯ್ಯುವ ರೀತಿ: ಇಡೀ ಬ್ಲೇಡ್ ಬೇಡ, ಅರ್ಧ ತುಂಡು ಮಾಡಿ ಒಂದು ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಹಿಡಿ ಮಾಡಿಕೊಳ್ಳಿ. ಶೂ ಒಳಗೆ ಮರದ ಅಚ್ಚು ಅಥವಾ ಬಿಗಿಯಾಗಿ ಸುತ್ತಿದ ಹಳೇ ಟವಲ್ ತುಂಬಿ, ಸೋಲ್ ಮೇಲಾಗಿ ತೊಡೆ ಮೇಲೆ ಇಟ್ಟುಕೊಳ್ಳಿ. ಪಾತ್ರೆ ತೊಳೆಯುವ ಸೋಪಿನ ನೀರು ಪಕ್ಕದಲ್ಲಿರಲಿ. ಬ್ಲೇಡನ್ನು ಆಗಾಗ ಅದ್ದುತ್ತಿದ್ದರೆ ರಬ್ಬರ್ ಹಿಡಿಯುವುದಿಲ್ಲ, ನಯವಾಗಿ ಹೋಗುತ್ತದೆ. ನಾಲ್ಕು ಮಿಲಿಮೀಟರ್ ಲಗ್‌ಗೆ ಒಂದೂವರೆಯಿಂದ ಎರಡರ ಒಳಗೆ ಆಳ. ಬ್ಲೇಡ್ ಮೇಲೆ ಆ ಅಳತೆಗೆ ಟೇಪ್ ಸುತ್ತಿಟ್ಟರೆ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹೆಬ್ಬೆರಳ ಕೆಳಗಿನ ಲಗ್‌ಗಳಿಗೆ ಎರಡೆರಡು ಗೀರು, ಮಿಕ್ಕ ಕಡೆ ಒಂದೊಂದು. ತುದಿಯ ಸಾಲು, ಅಂದರೆ ಬೆರಳಿನ ಮುಂದಿನ ಮೊದಲ ಸಾಲು, ಮುಟ್ಟಲೇಬೇಡಿ. ಹತ್ತುವಾಗ ಎಲ್ಲ ಭಾರ ಅದರ ಮೇಲೇ. ಹಿಮ್ಮಡಿಯಲ್ಲಿ ಗೀರು ಯಾವ ಕಡೆಗೆ ಓರೆಯಾಗಿರಬೇಕು ಎಂಬುದಕ್ಕೆ ನನಗೆ ಎರಡು ಮಳೆಗಾಲ ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಯಲ್ಲಿ ಓಡಲು ಬಂದವರಿಗೆ ತೋರಿಸುತ್ತೇನೆ. ಒಂದು ಜೊತೆಗೆ ಒಂದು ಸಂಜೆ ಬೇಕು, ಅವಸರದ ಕೆಲಸವಲ್ಲ.

ಇನ್ನು ಅಂಗಡಿ. ನಾನು ಸಂಜೆಯೇ ಹೋಗುತ್ತೇನೆ, ಕಾಲು ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ಜೊತೆಯಲ್ಲಿ ಇರುತ್ತದೆ. ಮೊದಲು ಉಗುರಿನ ಪರೀಕ್ಷೆ: ಲಗ್‌ನ ಮೇಲೆ ಹೆಬ್ಬೆರಳ ಉಗುರನ್ನು ಜೋರಾಗಿ ಒತ್ತಿ ತೆಗೆದರೆ ಗುರುತು ಒಂದೆರಡು ಸೆಕೆಂಡ್ ಉಳಿಯಬೇಕು. ಗುರುತೇ ಬೀಳದಿದ್ದರೆ ವಾಪಸ್ ಇಡಿ. ಆಮೇಲೆ ಒಂದು ಶೋರ್ ಮೀಟರ್ ಕೊಂಡೆ, ರಬ್ಬರ್‌ನ ಗಟ್ಟಿತನ ಅಳೆಯುವ ಚಿಕ್ಕ ಗಡಿಯಾರದಂಥದ್ದು, ಸಾವಿರದ ಇನ್ನೂರಿರಬೇಕು. ಅದರ 'ಎ' ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ರಬ್ಬರ್ ಗಟ್ಟಿ) ಜಾರುವ ಶೂಗಳು 75ರ ಮೇಲೆ ತೋರಿಸಿದವು, ನನಗೆ ಇಷ್ಟವಾದವು 60ರಿಂದ 65. ಎರಡು ತಿಂಗಳು ಮೀಟರ್ ಇಟ್ಟುಕೊಂಡು ಓಡಾಡಿದ ಮೇಲೆ ಉಗುರಿಗೇ ಅಂದಾಜು ಬಂದಿದೆ. ಈಗ ಮೀಟರ್ ಮಗಳ ಸೈನ್ಸ್ ಪ್ರಾಜೆಕ್ಟ್‌ಗೆ ಹೋಗಿದೆ. ಮಾಡೆಲ್ ಹೆಸರು ಕೇಳಬೇಡಿ. ಹೇಳಲು ಸಂಕೋಚವಿಲ್ಲ, ಆದರೆ ಒಂದೇ ಹೆಸರಿನ ಶೂನಲ್ಲೇ ವರ್ಷದಿಂದ ವರ್ಷಕ್ಕೆ ರಬ್ಬರ್ ಬದಲಾಗಿದ್ದನ್ನು ಅಳೆದು ನೋಡಿದ್ದೇನೆ. ಹೆಸರು ನಂಬಿ ಕೊಳ್ಳುವುದಕ್ಕಿಂತ ಉಗುರು ನಂಬಿ ಕೊಳ್ಳುವುದು ಮೇಲು.

ಬೆಲೆಯಲ್ಲೂ ಒಂದು ಗೆರೆ ಇದೆ. 2025ರ ಸೆಪ್ಟೆಂಬರ್‌ನಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದರ ಮೇಲೆ ಶೇ 18. ಗೆರೆಯ ಈಚೆಗೆ ಸಿಕ್ಕರೆ ತೆರಿಗೆಯಲ್ಲೇ ಇನ್ನೂರು, ಮುನ್ನೂರು ಉಳಿಯುತ್ತದೆ. ರಿಪೇರಿ ಅಣ್ಣನ ಖರ್ಚಿನ ಅರ್ಧ ಅಲ್ಲೇ ಬಂತು.

ಹೆಂಗಸರಿಗೆ ಸೈಜ್‌ನದ್ದೇ ದೊಡ್ಡ ತಲೆನೋವು. ಅಗ್ಗದ ಟ್ರೈಲ್ ಶೂಗಳಲ್ಲಿ ನಮ್ಮ ಸೈಜ್ ಬರುವುದೇ ಕಡಿಮೆ, ಬಂದರೆ ಮುಂಭಾಗ ಕಿರಿದು. ನಮ್ಮ ಪಾದ ಬೆರಳ ಹತ್ತಿರ ಅಗಲ. ಇದು ನನ್ನೊಬ್ಬಳ ದೂರಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021–22ರಲ್ಲಿ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮದು ಅಗಲ ಎಂದು ಕಂಡುಕೊಂಡರು. ನಮ್ಮದೇ ಅಳತೆ ಇರಲಿ ಎಂದು 'ಭ' ಎಂಬ ಹೊಸ ಕ್ರಮವನ್ನೂ ಸೂಚಿಸಿದರು. ಅದು ಅಂಗಡಿಗೆ ಬರುವವರೆಗೆ ನಾನು ಗಂಡಸರ ಸೈಜ್‌ನ ಚಿಕ್ಕದನ್ನು ಕೊಳ್ಳುತ್ತೇನೆ. ನನ್ನದು ಯುಕೆ 5, ಗಂಡಸರ 6 ತೆಗೆದುಕೊಂಡು ಕಣಕಾಲಿನ ಹತ್ತಿರದ ಕೊನೆಯ ತೂತಿನಿಂದ ಲೇಸ್ ಲಾಕ್ ಮಾಡಿದರೆ ಕೂರುತ್ತದೆ. ಹಿಮ್ಮಡಿ ಇನ್ನೂ ಸಡಿಲ ಎನಿಸಿದರೆ ಒಳಗಡೆ ಎರಡೂ ಪಕ್ಕಕ್ಕೆ ತೆಳು ಸ್ಪಾಂಜ್ ಅಂಟಿಸುತ್ತೇನೆ.

ಮಕ್ಕಳ ಶೂ ಕೂಡ ಹಾಕಿ ನೋಡಿದೆ. ದೊಡ್ಡ ಮಕ್ಕಳ ಸೈಜ್ ಯುಕೆ 5ರವರೆಗೂ ಬರುತ್ತದೆ, ಬೆಲೆ ಸಾವಿರದ ಐನೂರರ ಒಳಗೆ. ಹತ್ತು ಕಿಲೋಮೀಟರ್‌ವರೆಗೆ ಚೆನ್ನಾಗಿಯೇ ಇತ್ತು, ಹಗುರ ಬೇರೆ. ಅದರಾಚೆ ಫೋಮ್ ಕುಸಿದು ಪ್ರತಿ ಕಲ್ಲೂ ಪಾದಕ್ಕೆ ಹೇಳಿಕೊಂಡು ಹೋಗುತ್ತಿತ್ತು. 45 ಕೆಜಿ ಒಳಗಿನವರಿಗೆ ನಡೆಯಬಹುದು, ನನಗೆ ನಡೆಯಲಿಲ್ಲ. ಈಗ ಅದು ಮಗನ ಕಾಲಿನಲ್ಲಿದೆ, ವ್ಯರ್ಥವಾಗಿಲ್ಲ.

ಶೂ ಮನೆಗೆ ಬಂದ ಮೇಲೆ ದೇವರಾಜ ಮಾರ್ಕೆಟ್ ಕಡೆ ಕೂರುವ ರಿಪೇರಿ ಅಣ್ಣನ ಹತ್ತಿರ ಹೋಗುತ್ತದೆ. ಮೊದಲ ಸಲ ಹೊಸ ಶೂ ಕೈಗೆ ಕೊಟ್ಟಾಗ ಅವರು ತಿರುಗಿಸಿ ಮುರುಗಿಸಿ ನೋಡಿ, "ಹೊಸಾದಲ್ವಾ ಅಕ್ಕಾ ಇದು? ಏನ್ ರಿಪೇರಿ ಮಾಡ್ಲಿ?" ಎಂದರು. ಸೋಲ್ ಸುತ್ತ ಹೊಲಿಗೆ ಹಾಕಿಸುವುದು ಮುಖ್ಯ ಕೆಲಸ, ಬೆರಳ ಮುಂಭಾಗ ಮತ್ತು ಹಿಮ್ಮಡಿ ಎರಡೂ ಕಡೆ. ಅಗ್ಗದ ಶೂ ಸಾಯುವುದು ಅಂಟು ಬಿಟ್ಟೇ. ಅಣ್ಣ ಮೇಣ ಸವರಿದ ನೈಲಾನ್ ದಾರದಲ್ಲಿ ಸೂಜಿ ಕೊಕ್ಕೆ ಹಾಕಿ ಎಳೆಯುವಾಗ, ದಾರ ರಬ್ಬರ್‌ನ ಅಂಚಿನ ಕಾಲುವೆಯೊಳಗೆ ಕೂರುವಂತೆ ಮೊದಲೇ ಚಾಕುವಿನಿಂದ ಗೀರಿಕೊಳ್ಳುತ್ತಾರೆ. ಇಲ್ಲದಿದ್ದರೆ ಬಂಡೆಗೆ ಉಜ್ಜಿ ದಾರ ಎರಡು ವಾರಕ್ಕೆ ಹರಿಯುತ್ತದೆ. ಇದಕ್ಕೆ 150, ಕೆಲವು ಸಲ 200.

ಎರಡನೆಯದು ಮುಂಭಾಗದ ಕಾಪು. ಹಳೇ ಸೈಕಲ್ ಟ್ಯೂಬನ್ನು ಅಂಗೈ ಅಗಲ ಕತ್ತರಿಸಿ, ಉಪ್ಪು ಕಾಗದದಲ್ಲಿ ಎರಡೂ ಕಡೆ ಒರಟು ಮಾಡಿ, ಬೆರಳ ಸುತ್ತ ಅಂಟಿಸಿ ಮೇಲೊಂದು ಹೊಲಿಗೆ. ಬೇರು, ಕಲ್ಲು ಎಡವಿದರೆ ಬೆರಳಿಗೆ ಏಟು ಅರ್ಧ ಕಡಿಮೆ. ಅಂಟಿನ ವಿಷಯದಲ್ಲಿ ಒಂದು ಮಾತು: ಸೊಲ್ಯೂಷನ್ ಹಚ್ಚಿದ ತಕ್ಷಣ ಒತ್ತಬೇಡಿ. ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಅಣ್ಣ ಅದಕ್ಕೂ ಮೊದಲು ಇನ್ನೊಂದು ದ್ರವ ಸವರುತ್ತಾರೆ. ಅದು ಅವರ ಅಂಗಡಿಯ ಗುಟ್ಟು, ನಾನು ಹೇಳಿಬಿಟ್ಟರೆ ಅವರಿಗೆ ನ್ಯಾಯವಾಗುವುದಿಲ್ಲ.

ಮೂರನೆಯದು ನೀರು ಹೋಗುವ ತೂತು. ಪಾದದ ಕಮಾನಿನ ಒಳಪಕ್ಕ, ಬಟ್ಟೆ ಸೋಲ್‌ಗೆ ಸೇರುವ ಜಾಗದ ಸ್ವಲ್ಪ ಮೇಲೆ, ಕಾದ ದಬ್ಬಳದಿಂದ ಮೂರು ತೂತು. ಕಾಯಿಸಿ ಚುಚ್ಚಿದರೆ ಅಂಚು ಕರಗಿ ಗಟ್ಟಿಯಾಗುತ್ತದೆ, ಬಟ್ಟೆ ಬಿಚ್ಚಿಕೊಳ್ಳುವುದಿಲ್ಲ. ಸೋಲ್‌ನ ಕೆಳಗೆ ತೂತು ಮಾಡಿದವರನ್ನು ನೋಡಿದ್ದೇನೆ; ಅಲ್ಲಿಂದ ನೀರು ಹೋಗುವುದಕ್ಕಿಂತ ಜಾಸ್ತಿ ಮಣ್ಣು ಒಳಗೆ ಬರುತ್ತದೆ. ಬಕೆಟ್ ಪರೀಕ್ಷೆಯಲ್ಲಿ ತೂತಿನ ಶೂ ಬರೀ 50, 60 ಗ್ರಾಂ ನೀರು ಉಳಿಸಿಕೊಂಡಿತ್ತು.

ಒಳಗಿನ ಇನ್‌ಸೋಲ್ ಬಗ್ಗೆ ಇಷ್ಟು ಮಾತ್ರ ಹೇಳುತ್ತೇನೆ. ಶೂ ಜೊತೆ ಬರುವುದನ್ನು ಮೊದಲ ದಿನವೇ ತೆಗೆದು ಎಸೆಯುತ್ತೇನೆ. ಅದು ನೀರು ಕುಡಿದು ಉಬ್ಬಿ, ಇಳಿಜಾರಿನಲ್ಲಿ ಮುಂದಕ್ಕೆ ಸುರುಳಿಯಾಗಿ ಬೆರಳನ್ನು ತಿನ್ನುತ್ತದೆ. ಅದರ ಬದಲು ಹಾಕುವುದು ಶೂ ಅಂಗಡಿಯಲ್ಲಿ ಸಿಗುವ ವಸ್ತುವೇ ಅಲ್ಲ, ಎಂಬತ್ತು ರೂಪಾಯಿಗೆ ಎರಡು ಜೊತೆ ಆಗುತ್ತದೆ. ಈ ಒಂದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಮಲೇಷ್ಯಾದಲ್ಲಿ ರಬ್ಬರ್ ತೋಟದ ಕೆಲಸಗಾರರು ಹಾಕುವ, ಪೂರ್ತಿ ರಬ್ಬರ್‌ನ ಕಪ್ಪು ಶೂ ಇದೆ. 'ಕಂಪುಂಗ್' ಎಂದರೆ ಅವರಲ್ಲಿ ಹಳ್ಳಿ. ಆ ಶೂಗೆ 'ಅಡಿಡಾಸ್ ಕಂಪುಂಗ್' ಎಂದು ಪ್ರೀತಿಯಿಂದ ಹೆಸರಿಟ್ಟಿದ್ದಾರೆ, ಆ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿನ ಕಾಡು ಓಟಗಾರರು ಅದನ್ನೇ ಹಾಕಿ ಬೆಟ್ಟ ಹತ್ತಿ ಇಳಿಯುತ್ತಾರೆ. ಅದನ್ನು ಓದಿ ಸೋಮವಾರಪೇಟೆ ಸಂತೆಯಲ್ಲಿ ಮಳೆಗಾಲಕ್ಕೆ ಮಾರುವ ಮುನ್ನೂರು ರೂಪಾಯಿಯ ಅಂಥದೇ ಶೂ ತಂದೆ. ಅದು ಪ್ಲಾಸ್ಟಿಕ್, ರಬ್ಬರ್ ಅಲ್ಲ. ಉಗುರು ಒತ್ತಿದರೆ ಗುರುತೇ ಇಲ್ಲ. ಕೆಸರಲ್ಲಿ ಪರವಾಗಿಲ್ಲ, ಕಲ್ಲಿನ ಮೇಲೆ 17 ಡಿಗ್ರಿ. ಅಮ್ಮ ಈಗ ಅದನ್ನು ತೋಟಕ್ಕೆ ಹಾಕುತ್ತಾರೆ. ಮಹಾರಾಷ್ಟ್ರದ ಸಹ್ಯಾದ್ರಿ ಚಾರಣಿಗರು ವರ್ಷಾನುಗಟ್ಟಲೆ ಹೊಗಳುವ ಆಕ್ಷನ್ ಟ್ರೆಕಿಂಗ್ ಶೂ ಮಾತ್ರ ನಿಜವಾಗಿಯೂ ಬಂಡೆ ಹಿಡಿಯುತ್ತದೆ. ಸಾವಿರದ ಆಸುಪಾಸಿನ ಆ ಶೂ ನನ್ನ ಕಲ್ಲಿನ ಮೇಲೆ 33 ಡಿಗ್ರಿ ನಿಂತಿತು. ಓಡಲು ಭಾರ, ಫೋಮ್ ಕಡಿಮೆ. ಆದರೆ ಒಳ್ಳೆಯ ರಬ್ಬರ್ ಅಗ್ಗಕ್ಕೂ ಸಿಗುತ್ತದೆ ಎಂದು ಗುಂಪಿನವರ ಬಾಯಿ ಮುಚ್ಚಿಸಲು ನನಗೆ ಸಿಕ್ಕ ಸಾಕ್ಷಿ ಅದೇ.

ಗರಸು ಶೂ ಒಳಗೆ ಬೀಳದಂತೆ ಕಾಲಿಗೆ ಹಾಕುವ ಗೇಟರ್ ಹೊರಗೆ ಸಾವಿರದ ಮೇಲೆ. ಮುರಿದ ಕೊಡೆಯ ಬಟ್ಟೆ ಬಿಚ್ಚಿ, ಮನೆಯ ಮೆಷಿನ್‌ನಲ್ಲೇ ಹೊಲಿದೆ, ಮೇಲೆ ಎಲಾಸ್ಟಿಕ್, ಹಿಂದೆ ವೆಲ್ಕ್ರೋ. ಒಂದು ಕೊಡೆಯಲ್ಲಿ ಎರಡು ಜೊತೆ ಆರಾಮಾಗಿ ಆಗುತ್ತದೆ. ಇಂಬಳಕ್ಕೂ ಇದು ಒಳ್ಳೆಯದು. ಕೊಡೆ ಬಟ್ಟೆಯ ನೇಯ್ಗೆ ಬಿಗಿ, ಸಾಕ್ಸ್‌ನ ಒಳಗೆ ತೂರುವ ಇಂಬಳಕ್ಕೆ ಅದರಲ್ಲಿ ದಾರಿ ಸಿಗುವುದಿಲ್ಲ. ಅಂಚಿಗೆ ಬೇವಿನೆಣ್ಣೆಯಲ್ಲಿ ನೆನೆಸಿದ ಹೊಗೆಸೊಪ್ಪು ಸವರಿದರೆ ಒಂದೆರಡು ಗಂಟೆ ಹತ್ತಿರವೂ ಬರುವುದಿಲ್ಲ. ತೊರೆ ದಾಟಿದರೆ ಮತ್ತೆ ಸವರಬೇಕು.

ಓಟದ ದಿನ ಮೊದಲ ಇಪ್ಪತ್ತು ಕಿಲೋಮೀಟರ್ ಒಣಗಿತ್ತು, ಯಾವ ಶೂ ಆದರೂ ನಡೆಯುತ್ತಿತ್ತು. ಮೂವತ್ತರ ಆಸುಪಾಸಿನಲ್ಲಿ ಮಳೆ ಹಿಡಿಯಿತು. ಅಲ್ಲಿಂದ ಮುಂದೆ ಸಿಲ್ವರ್ ಓಕ್ ಎಲೆ ಹಾಸಿದ ಕಡಿದಾದ ಇಳಿಜಾರು, ನಡುನಡುವೆ ಬರಿಗಲ್ಲು. ಎಲೆ ಮೇಲೆ ಲಗ್ ಬೇಕು, ಕಲ್ಲಿನ ಮೇಲೆ ಗೀರು ಬೇಕು. ಒಂದು ತಿರುವಿನಲ್ಲಿ ಓರೆಯಾದ ಬಂಡೆ ಇತ್ತು, ಎರಡು ಮಾರು ಉದ್ದ, ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ಮುಂದಿದ್ದವರು ಪಕ್ಕದ ಕಾಫಿ ಗಿಡ ಹಿಡಿದುಕೊಂಡು ಕೂತು ಇಳಿಯುತ್ತಿದ್ದರು. ನಾನು ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಊರಿ ನಡೆದೇ ಇಳಿದೆ. ಕೆಳಗೆ ಬಂದು ಶೂ ತಿರುಗಿಸಿ ನೋಡಿದೆ: ಗೀರಿನೊಳಗೆ ಕೆಂಪು ಮಣ್ಣು ಸ್ವಲ್ಪ ತುಂಬಿತ್ತು, ಲಗ್ ಒಂದೂ ಅಲ್ಲಾಡಿರಲಿಲ್ಲ. ಹಿಂದೆ ಬರುತ್ತಿದ್ದ ಒಬ್ಬ ಹುಡುಗ "ಯಾವ ಶೂ ಅಕ್ಕಾ ಇದು?" ಎಂದು ಕೇಳಿದ. ಬೆಲೆ ಹೇಳಿದೆ. ನಂಬಲಿಲ್ಲ.

ಬಾಳಿಕೆಯ ಲೆಕ್ಕವನ್ನೂ ಹೇಳಬೇಕು. ಕೊಯ್ದ ಲಗ್ ಬೇಗ ಸವೆಯುತ್ತದೆ, ಅದು ನಿಜ. ನನ್ನ ಜೊತೆ ಐನೂರು, ಐನೂರೈವತ್ತು ಕಿಲೋಮೀಟರ್‌ಗೆ ನಾಲ್ಕರಿಂದ ಎರಡೂವರೆ ಮಿಲಿಮೀಟರ್‌ಗೆ ಬಂತು. ಕೊಯ್ಯದೆ ಇದ್ದಿದ್ದರೆ ಇನ್ನೊಂದು ನೂರು ಬರುತ್ತಿತ್ತು. ಒಟ್ಟು ಖರ್ಚು 2,800 ಎಂದಿಟ್ಟರೆ ಕಿಲೋಮೀಟರ್‌ಗೆ ಐದು ರೂಪಾಯಿ ಚಿಲ್ಲರೆ. ಗೆಳತಿಯ ಹದಿಮೂರು ಸಾವಿರದ ಶೂ 700 ಕಿಲೋಮೀಟರ್ ಬಂದರೂ ಹದಿನೆಂಟು ರೂಪಾಯಿಯ ಮೇಲೆ. ಡಾಂಬರು ರಸ್ತೆಯಲ್ಲಿ ಮಾತ್ರ ಕೊಯ್ದ ಶೂ ಹಾಕಬೇಡಿ, ಅಲ್ಲಿ ರಬ್ಬರ್ ಪೆನ್ಸಿಲ್ ಅಳಿಸುವ ರಬ್ಬರ್‌ನಂತೆ ಉದುರುತ್ತದೆ. ಬೆಟ್ಟದ ಬುಡದವರೆಗೆ ನಾನು ಹಳೇ ರಸ್ತೆ ಶೂನಲ್ಲೇ ಹೋಗುತ್ತೇನೆ. ಒದ್ದೆ ಶೂ ಒಣಗಿಸಲು ಬಿಸಿಲಿಗೆ ಇಡುವುದಿಲ್ಲ, ಪೇಪರ್ ತುರುಕಿ ಫ್ಯಾನ್ ಕೆಳಗೆ ಇಡುತ್ತೇನೆ. ಬಿಸಿಲು ಅಂಟಿನ ಶತ್ರು.

ಈಗ ಹೊಸ ಜೊತೆ ಕೊಯ್ದು, ಹೊಲಿಸಿ ಇಟ್ಟಾಗಿದೆ. ಹಳೆಯದರ ಎಡಗಾಲಿನ ಹೊರ ಅಂಚು ಮಾತ್ರ ಸವೆದಿದೆ, ಮೇಲಿನ ಬಟ್ಟೆ ಇನ್ನೂ ಗಟ್ಟಿ. ಆ ಅಂಚಿಗೆ ಸ್ಕೂಟರ್ ಟಯರ್‌ನ ರಬ್ಬರ್ ತೆಳ್ಳಗೆ ಸೀಳಿ ಅಂಟಿಸಿ ನೋಡೋಣ ಎಂದು ರಿಪೇರಿ ಅಣ್ಣ ಇಟ್ಟುಕೊಂಡಿದ್ದಾರೆ. ಶನಿವಾರ ಕೊಡುತ್ತೇನೆ ಎಂದಿದ್ದಾರೆ. ಬಂದ ಮೇಲೆ ಕಲ್ಲಿನ ಮೇಲಿಟ್ಟು ಹಲಗೆ ಎತ್ತಬೇಕು. 28 ದಾಟಿದರೆ ಕರಿಘಟ್ಟಕ್ಕೆ ಹಾಕಿಕೊಂಡು ಹೋಗುತ್ತೇನೆ.